ನಲವತ್ತೊಂದನೆಯ ದಿನ

ಎಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಮಣಿಪಾಲದ ಒಂದು ಸಣ್ಣ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಊರು ಕಾರ್ಕಳ, ಬಾಡಿಗೆ ಕೋಣೆ ಪರ್ಕಳದಲ್ಲಿ, ಇಪ್ಪತ್ತನಾಲ್ಕರ ಹುಡುಗಿ, ನಾಲಿಗೆ ಸ್ವಲ್ಪ ಉದ್ದ. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಕಂಪ್ಯೂಟರ್ ಎನ್ನುತ್ತಿದ್ದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗುತ್ತಿದ್ದರು. ಅದು ನನಗೆ ಬಹಳ ಖುಷಿ ಕೊಡುತ್ತಿತ್ತು.

ಒಂದೇ ಟ್ರಸ್ಟಿನವರು ಕಾಪು, ಕಾರ್ಕಳ, ಉಡುಪಿಗಳಲ್ಲಿ ಮೂರು ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಚೀಟಿ: ತಾಯಿಯ ಹೆಸರು, ಊರು, ಗಂಡೋ ಹೆಣ್ಣೋ, ಹುಟ್ಟಿದ ಹೊತ್ತು, ತೂಕ. ಬೆಳಿಗ್ಗೆ ಒಂದು, ಸಂಜೆ ಒಂದು ಬಟ್ಟೆಚೀಲದಲ್ಲಿ ಚೀಟಿಗಳು ಬಸ್ಸಿನ ಕಂಡಕ್ಟರ ಕೈಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು, ಯಂತ್ರಕ್ಕೆ ಏರುತ್ತಿದ್ದವು. ಯಂತ್ರ ಬಂದ ಮೇಲೆ ಆಸ್ಪತ್ರೆಯವರು ದಪ್ಪ ರಿಜಿಸ್ಟರ್ ಬರೆಯುವುದನ್ನು ಬಿಟ್ಟಿದ್ದರು. ತಾಯಿಯ ಕೇಸ್ ಶೀಟಿನಲ್ಲಿ ಮಗುವಿನ ಜಾಗದಲ್ಲಿ ಚೀಟಿಯ ನಂಬರು ಮಾತ್ರ. ಟೈಪಾದ ಚೀಟಿಗಳನ್ನು ತಿಂಗಳಿಗೊಮ್ಮೆ ಕಟ್ಟಡದ ಹಿಂದೆ ಗೇರುಮರದ ಬುಡದಲ್ಲಿ ಸುಡುತ್ತಿದ್ದೆವು.

ಟೈಪ್ ಮಾಡುವವರು ಕಲ್ಯಾಣಪುರದ ಕಡೆಯ ಒಬ್ಬ ಕ್ರಿಶ್ಚಿಯನ್ ಹೆಂಗಸು. ನಾವು ಬಾಯಮ್ಮ ಎನ್ನುತ್ತಿದ್ದೆವು. ಅವರಿಗೊಂದು ಅಭ್ಯಾಸವಿತ್ತು. ಬೆಳಗಿನ ಚೀಲದಲ್ಲಿ ಹುಟ್ಟಿನ ಚೀಟಿ ಬಂದ ಮಗುವಿಗೆ ಸಂಜೆಯ ಚೀಲದಲ್ಲಿ ಸಾವಿನ ಚೀಟಿ ಬಂದರೆ ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಆ ಮಗುವಿನ ದಾಖಲೆಯನ್ನೇ ಅಳಿಸಿಬಿಡುತ್ತಿದ್ದರು. "ನಾಳೆ ಆ ಹೆಂಗಸು ಎರಡನೇ ಹೆರಿಗೆಗೆ ಬರುವಾಗ ಸತ್ತ ಮಗು ಮೊದಲು ಕಾಣುವುದು ಬೇಡ, ಅಲ್ವಾ?" ಎನ್ನುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ, ಮಾಡಬೇಡಿ ಎಂದೂ ಹೇಳಿರಲಿಲ್ಲ. ನನಗೂ ಅದು ಒಳ್ಳೆಯ ಕೆಲಸವೆಂದೇ ಕಾಣುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಲಾಗ್. ಡೇಟಾಬೇಸಿನಲ್ಲಿ ಏನೇ ಸೇರಿಸಿದರೂ, ತಿದ್ದಿದರೂ, ಅಳಿಸಿದರೂ ಯಂತ್ರ ಅದನ್ನು ಇನ್ನೊಂದು ಕಡತದಲ್ಲಿ ಬರೆದಿಡುತ್ತಿತ್ತು. ಅಳಿಸುವ ಮೊದಲು ಅಲ್ಲಿ ಏನಿತ್ತು ಎಂಬುದು ಕೂಡ ಅದರಲ್ಲಿ ಇರುತ್ತಿತ್ತು. ಕರೆಂಟು ಹೋಗಿ ಡೇಟಾಬೇಸ್ ಕೆಟ್ಟರೆ ಈ ಲಾಗನ್ನು ಓದಿ ಮತ್ತೆ ಕಟ್ಟಬಹುದು. ದಿನಕ್ಕೊಂದು ಲಾಗ್ ಕಡತ. ಡಿಸ್ಕಿನಲ್ಲಿ ಜಾಗ ಕಡಿಮೆ, ತುಂಬಿದರೆ ಯಂತ್ರ ಹಟ ಹಿಡಿದು ನಿಂತುಬಿಡುತ್ತಿತ್ತು. ಹಳೆಯ ಲಾಗುಗಳನ್ನು ಕೈಯಿಂದ ಅಳಿಸುವುದು ನನ್ನ ಕೆಲಸ. ಒಂದು ಸೋಮವಾರ ತೂಕಡಿಕೆಯಲ್ಲಿ ಹಳೆಯದರ ಬದಲು ಅಂದಿನ ಲಾಗನ್ನೇ ಅಳಿಸಿ, ಇಡೀ ದಿನ ಎಲ್ಲರಿಂದ ಉಗಿಸಿಕೊಂಡೆ. ಆಗ ನಮ್ಮ ಸಾಹೇಬರು, ಮಾತು ಕಡಿಮೆಯ ಮನುಷ್ಯ, "ಕೈ ಹಾಕುವುದೇ ಬೇಡ. ಯಂತ್ರವೇ ಅಳಿಸುವ ಹಾಗೆ ಒಂದು ಪ್ರೋಗ್ರಾಂ ಬರೆಯಿರಿ," ಎಂದರು.

ಬರೆದೆ. ಅಂದಿನ ಲಾಗನ್ನು ಮುಟ್ಟಬಾರದು. ಡೇಟಾಬೇಸ್ ಟೇಪಿಗೆ ನಕಲಾಗದ ದಿನ ಯಾವುದನ್ನೂ ಅಳಿಸಬಾರದು. ಎಲ್ಲ ಟರ್ಮಿನಲ್ಲುಗಳು ಖಾಲಿ ಇರುವ ಊಟದ ಹೊತ್ತು, ಮಧ್ಯಾಹ್ನ ಒಂದಕ್ಕೆ, ತಾನಾಗಿ ನಡೆಯಬೇಕು. ಮೊದಲ ಎರಡು ವಾರ ಪ್ರಯೋಗಕ್ಕೆಂದು, ಒಂದು ದಿನ ಹಳೆಯದಾದ ಲಾಗನ್ನು ಅಳಿಸುವ ಬದಲು ಒಂದು ಟೇಪಿಗೆ ನಕಲು ಮಾಡಿಸಿ ನೋಡಿದೆ. ಚೆನ್ನಾಗಿ ನಡೆಯಿತು. ಆಮೇಲೆ ಸಾಹೇಬರು ಕೇಳಿದರು, "ಎಷ್ಟು ದಿನ ಇಟ್ಟುಕೊಂಡು ಅಳಿಸುವುದು?"

"ನಲವತ್ತು," ಎಂದೆ.

ಯಾಕೆ ನಲವತ್ತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿತ್ತು. ನಮ್ಮ ಕಡೆ ಹೆತ್ತವಳಿಗೆ ನಲವತ್ತು ದಿನ ಬಾಣಂತನ. ಅಷ್ಟು ದಿನದೊಳಗೆ ಹೆರಿಗೆಯ ಸಂಬಂಧದ ತಿದ್ದುಪಡಿ, ತಕರಾರು ಎಲ್ಲ ಮುಗಿದಿರುತ್ತದೆ ಎಂದು ನನ್ನ ಲೆಕ್ಕಾಚಾರ. ಆ ನಲವತ್ತು ದಿನ ತಾಯಿಯಾಗಲಿ ಅವಳನ್ನು ನೋಡಿಕೊಳ್ಳುವವಳಾಗಲಿ ಹೊಸಿಲು ದಾಟುವುದಿಲ್ಲ, ಕೇಳುವುದಿದ್ದರೆ ಅವರು ನಲವತ್ತೊಂದಕ್ಕೇ ಬರುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೆರಿಗೆ ಮನೆಯ ವಾಸನೆ ಗೊತ್ತಿಲ್ಲದವಳು ಹೆರಿಗೆಯ ನಿಯಮ ಬರೆದರೆ ಹೀಗೇ ಆಗುವುದು.

ಯಂತ್ರದ ಕೋಣೆಗೆ ಗಾಜಿನ ಬಾಗಿಲು. ಒಳಗೆ ಹಗಲೂ ಚಳಿ. ಮೂಲೆಯಲ್ಲಿ ಕನ್ಸೋಲ್ ಎಂಬ ಟೈಪ್‌ರೈಟರಿನಂಥ ಸಾಧನವಿತ್ತು. ಯಂತ್ರ ತಾನು ಮಾಡಿದ್ದನ್ನು ಅದರ ಕಾಗದದ ಮೇಲೆ ಹೊಡೆಯುತ್ತಿತ್ತು. ಒಂದು ದಿನ ಊಟದಿಂದ ಬೇಗ ಬಂದೆ. ಬೀಗ ಹಾಕಿದ ಖಾಲಿ ಕೋಣೆಯಲ್ಲಿ, ಯಾರೂ ಕುಳಿತಿಲ್ಲದ ಕುರ್ಚಿಯ ಮುಂದೆ, ಕನ್ಸೋಲ್ ಟಕಟಕನೆ ಹೊಡೆಯುತ್ತಿತ್ತು. ಅದು ನಾನೇ ಬರೆದ ಪ್ರೋಗ್ರಾಂ, ಪ್ರತಿ ಸಾಲೂ ನನಗೆ ಬಾಯಿಪಾಠ. ಆದರೂ ಬೀಗದ ಕೈ ಹಿಡಿದುಕೊಂಡು ಅದು ಮುಗಿಯುವ ತನಕ ಹೊರಗೇ ನಿಂತೆ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಕಡಲ ತಡಿಯ ಎರ್ಮಾಳಿನಿಂದ ಇಬ್ಬರು ಬಂದರು. ಮೀನುಗಾರರ ಮನೆಯ ಒಬ್ಬ ಅಜ್ಜಿ ಮತ್ತು ಅವಳ ಮಗಳು. ಮಗಳು ಬೆಂಚಿನ ತುದಿಯಲ್ಲಿ ಕುಳಿತವಳು ಒದ್ದೆ ಕೊಡೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮಾತೆಲ್ಲ ತುಳುವಿನಲ್ಲಿ ನಡೆಯಿತು. ಕನ್ನಡದಲ್ಲಿ ಬರೆಯುವಾಗ ಅದರ ಮೊನೆ ಸ್ವಲ್ಪ ಮೊಂಡಾಗುತ್ತದೆ.

"ನಮ್ಮ ಮಗು ಗಂಡೋ ಹೆಣ್ಣೋ ನೋಡಿ ಹೇಳ್ಬೇಕು ಮಗಾ," ಎಂದಳು ಅಜ್ಜಿ, ಹುಡುಗಿಯನ್ನೂ ಮಗಾ ಎನ್ನುವ ನಮ್ಮ ಕಡೆಯ ರೂಢಿಯಲ್ಲಿ. "ಕಾಪಿನ ಆಸ್ಪತ್ರೆಯಲ್ಲಿ ಕೇಳಿದೆವು. ಎಲ್ಲ ಮಣಿಪಾಲದ ಮೆಶಿನಿನಲ್ಲಿ ಉಂಟು ಅಂತ ಕಳಿಸಿದ್ರು."

ನಾನು ಬೆಪ್ಪಾಗಿ ನೋಡಿದೆ. ಅಜ್ಜಿ ಬಿಡಿಸಿ ಹೇಳಿದಳು. ಹೆರುವಾಗ ಮಗಳಿಗೆ ಪ್ರಜ್ಞೆ ಇರಲಿಲ್ಲ. ಬೆಳಗಿನ ಜಾವ ಹುಟ್ಟಿದ್ದು ಮಧ್ಯಾಹ್ನದ ಮೊದಲೇ ಹೋಯಿತು. ಬಟ್ಟೆ ಸುತ್ತಿ ಕೊಟ್ಟದ್ದನ್ನು ಮಗಳ ಅಣ್ಣ ಕೊಂಡುಹೋಗಿ ಮಣ್ಣು ಮಾಡಿದ. ಬಿಚ್ಚಿ ನೋಡಬೇಡ, ಮುಖ ನೋಡಿದರೆ ಹಿಂದೆಯೇ ಬರುತ್ತದೆ ಎಂದು ಅಜ್ಜಿಯೇ ಅವನಿಗೆ ಹೇಳಿದ್ದಳಂತೆ. ಆವತ್ತಿದ್ದ ನರ್ಸು ದುಬಾಯಿಗೆ ಹೋಗಿದ್ದಾಳೆ. ಉಳಿದವರಿಗೆ ನೆನಪಿಲ್ಲ. ನಿನ್ನೆಗೆ ನಲವತ್ತು ದಿನ ಮುಗಿಯಿತು, ಇವತ್ತು ಮೊದಲ ಬಸ್ಸಿಗೆ ಹೊರಟು ಬಂದೆವು ಎಂದಳು.

"ಮುಂದಿನ ತಿಂಗಳು ಆಟಿ. ಅಮಾವಾಸ್ಯೆಗೆ ಎಲೆ ಬಳಸ್ಲಿಕ್ಕೆ ಉಂಟು. ಹೆಣ್ಣಾದ್ರೆ ಬಳೆ ಇಡ್ಬೇಕು, ಗಂಡಾದ್ರೆ ಉಡಿದಾರ. ಯಾವುದೂಂತ ಗೊತ್ತಿಲ್ಲದೆ ಎಂತ ಹೇಳಿ ಕರೆಯುವುದು? ಮುಂದೆ ಪ್ರಾಯಕ್ಕೆ ಬರುವಾಗ ಅದಕ್ಕೆ ಮದುವೆ ಮಾಡ್ಲಿಕ್ಕೂ ಉಂಟು."

ಇದು ನನಗೆ ಹೊಸತಲ್ಲ. ನಮ್ಮಲ್ಲಿ ಸತ್ತ ಮಕ್ಕಳೂ ವರ್ಷ ವರ್ಷ ಬೆಳೆಯುತ್ತವೆ, ಪ್ರಾಯಕ್ಕೆ ಬಂದಾಗ ಇನ್ನೊಂದು ಮನೆಯ ಸತ್ತ ಮಗುವಿನ ಜೊತೆ ಮದುವೆ ಮಾಡುತ್ತಾರೆ. ಆಟಿಯಲ್ಲಿ, ಅಂದರೆ ಮಳೆಗಾಲದ ನಡುವಿನ ತುಳು ತಿಂಗಳಲ್ಲಿ, ಅವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಹೋಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಮೂರು ಸಲ ಕೆಮ್ಮಿ ಬಾಗಿಲು ತೆರೆಯುತ್ತಾರೆ. ಉಣ್ಣುತ್ತಿರುವವರನ್ನು ಅರ್ಧದಲ್ಲಿ ಎಬ್ಬಿಸಬಾರದಲ್ಲ. ಕಾರ್ಕಳದ ನಮ್ಮ ಮನೆಯಲ್ಲಿ ಆ ಕೆಮ್ಮು ನನ್ನ ಅಜ್ಜಿಯದಾಗಿತ್ತು.

ಬಾಯಮ್ಮ ಟರ್ಮಿನಲ್ಲಿನಲ್ಲಿ ನೋಡಿದರು. ತಾಯಿಯ ಹೆಸರು ಇತ್ತು, ಮಗು ಇರಲಿಲ್ಲ. ಅವರ ಮುಖ ಸಣ್ಣದಾಯಿತು. ನಾನು ಮಾತ್ರ ಧೈರ್ಯದಲ್ಲಿದ್ದೆ. ಅಳಿಸಿದ್ದು ಲಾಗಿನಲ್ಲಿ ಇರುತ್ತದೆ ಎಂದು ಗೊತ್ತಿದ್ದವಳು ನಾನೊಬ್ಬಳೇ, ಅದರ ಬಿಂಕ ಬೇರೆ. ಲಾಗ್ ಓದಬೇಕಾದರೆ ಎಲ್ಲ ಟರ್ಮಿನಲ್ಲುಗಳನ್ನು ನಿಲ್ಲಿಸಬೇಕಿತ್ತು, ಬೆಳಗಿನ ಕೆಲಸ ನಡುವೆ ಇತ್ತು. "ಇಲ್ಲೇ ಕೂತ್ಕೊಳ್ಳಿ. ಊಟದ ಹೊತ್ತಿಗೆ ಎಲ್ಲ ನಿಲ್ತದೆ. ನಾನು ಒಂದು ತುತ್ತು ತಿಂದು ಬಂದು ತೆಗೆದುಕೊಡ್ತೇನೆ," ಎಂದು ಕೋಣೆಗೆ ಬೀಗ ಹಾಕಿ ಕ್ಯಾಂಟೀನಿಗೆ ಹೋದೆ.

ತಿರುಗಿ ಬಂದಾಗ ಒಂದೂಕಾಲು. ಅಜ್ಜಿ ಗಾಜಿನ ಬಾಗಿಲಿಗೆ ಹಣೆ ತಾಗಿಸಿ ನಿಂತಿದ್ದಳು.

"ನೀನು ಹೋದ ಮೇಲೆ ಒಳಗೆ ಯಾರೋ ಕೆಲಸ ಮಾಡಿದ್ರು ಮಗಾ," ಎಂದಳು. "ಆ ಮೂಲೆಯಲ್ಲಿ. ಕಾಗದ ಮೇಲೆ ಬಂತು, ಶಬ್ದ ಕೇಳಿತು. ಜನ ಕಾಣ್ಲಿಲ್ಲ."

ಅವಳಿಗೆ ಹೆದರಿಕೆ ಇರಲಿಲ್ಲ, ಸಮಾಧಾನವಿತ್ತು. ತನ್ನ ಕೆಲಸವೇ ನಡೆಯುತ್ತಿದೆ ಎಂದುಕೊಂಡಿದ್ದಳು. ನಾನು ಬೀಗ ತೆಗೆದೆ. ಒಳಗೆ ಹೋಗಿ ಕಾಗದ ನೋಡಿದೆ. ನಲವತ್ತು ದಿನ ದಾಟಿದ ಒಂದು ಲಾಗ್ ಕಡತ, ಅದರ ದಿನಾಂಕ, ಎದುರಿಗೆ "ಅಳಿಸಲಾಗಿದೆ" ಎಂಬರ್ಥದ ಒಂದು ಪದ. ಮಗು ಹುಟ್ಟಿದ್ದೂ ಹೋದದ್ದೂ ಅದೇ ದಿನ. ನಾನು ಹೊರಡುವ ಮೊದಲು ಪ್ರೋಗ್ರಾಮನ್ನು ನಿಲ್ಲಿಸಬಹುದಿತ್ತು, ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು. ಮರೆತೆ. ತಾನಾಗಿ ನಡೆಯುವುದನ್ನು ಮರೆಯುವುದು ಬಹಳ ಸುಲಭ.

ಪ್ರಯೋಗದ ಟೇಪು ನೆನಪಾಯಿತು, ಮಗು ಹುಟ್ಟಿದ್ದು ಆ ಎರಡು ವಾರದಲ್ಲೇ. ಓಡಿಹೋಗಿ ಕಪಾಟು ಹುಡುಕಿದೆ. ಇರಲಿಲ್ಲ. ಮುಗಿದ ಟೇಪುಗಳನ್ನು ಖಾಲಿ ಟೇಪುಗಳ ರಾಶಿಗೆ ಸೇರಿಸಿ ಮತ್ತೆ ಬಳಸುತ್ತಿದ್ದೆವು. ಅದರ ಮೇಲೂ ಬೇರೇನೋ ಬರೆದಾಗಿರಬೇಕು ಎಂದುಕೊಂಡೆ.

ಹೊರಗೆ ಬಂದಾಗ ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಮಗಳು ಎದ್ದು ನಿಂತಿದ್ದಳು. ಕೊಡೆ ನೆಲಕ್ಕೆ ಬಿದ್ದಿತ್ತು.

"ಸಿಕ್ಕಿತಾ?" ಎಂದಳು.

"ಹೆಣ್ಣು," ಎಂದೆ.

ಕರುಣೆಯಿಂದ ಹೇಳಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಸುಳ್ಳು. ಹೆದರಿಕೆಯಿಂದ ಹೇಳಿದೆ, ನಾಚಿಕೆಯಿಂದ ಹೇಳಿದೆ. ಹುಟ್ಟಿದ ಹೊತ್ತು ಕೇಳಿದಳು, ಬಾಯಿಗೆ ಬಂದ ಹೊತ್ತು ಹೇಳಿದೆ. ತೂಕವನ್ನೂ ಹೇಳಿದೆ, ಅದನ್ನು ಅವಳು ಕೇಳಿರಲೇ ಇಲ್ಲ. ಅವಳು ಎರಡೂ ಕೈಯಿಂದ ನನ್ನ ಕೈ ಹಿಡಿದು ಅತ್ತಳು. ಅಜ್ಜಿ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡಳು, ಹೊತ್ತು ಮರೆಯದ ಹಾಗೆ.

ಆ ವಾರವೇ ಪ್ರೋಗ್ರಾಮನ್ನು ಮತ್ತೆ ಬರೆದೆ. ಈಗ ಅದು ಹಳೆಯ ಲಾಗನ್ನು ಮೊದಲು ಟೇಪಿಗೆ ನಕಲು ಮಾಡುತ್ತಿತ್ತು, ಆ ಟೇಪನ್ನು ತಿರುಗಿ ಓದಿ ಸರಿ ಇದೆಯೇ ಎಂದು ತಾಳೆ ನೋಡುತ್ತಿತ್ತು. ಆಮೇಲೆ ಕನ್ಸೋಲಿನ ಗಂಟೆಯನ್ನು ಮೂರು ಸಲ ಬಾರಿಸಿ, ಇದು ಯಾರಿಗಾದರೂ ಬೇಕೇ ಎಂದು ಕಾಗದದ ಮೇಲೆ ಕೇಳಿ ಕಾಯುತ್ತಿತ್ತು. ಮನುಷ್ಯರೊಬ್ಬರು ಬಂದು ಬೇಡ ಎಂದು ಟೈಪ್ ಮಾಡದಿದ್ದರೆ ಅಳಿಸುತ್ತಿರಲಿಲ್ಲ.

"ಎಂತದು ಇದು, ಯಂತ್ರ ಕೆಮ್ಮುವುದಾ?" ಎಂದರು ಸಾಹೇಬರು. ಅವರೂ ನಮ್ಮ ಕಡೆಯವರೇ, ಅರ್ಥವಾಗಿತ್ತು. ಆದರೆ ತೆಗೆಯಿರಿ ಎನ್ನಲಿಲ್ಲ.

ಎರಡು ಆಟಿ ಕಳೆಯಿತು. ಎರಡು ಸಲವೂ ಅಮಾವಾಸ್ಯೆಯ ಮರುವಾರ ಅಜ್ಜಿ ಒಣಮೀನಿನ ಪೊಟ್ಟಣ ಹಿಡಿದುಕೊಂಡು ಮಣಿಪಾಲಕ್ಕೆ ಬಂದಳು. ಮೊದಲ ಸಲ ಹೇಳಿದಳು, "ಬಂದಿದ್ದಾಳೆ ಮಗಾ. ಬಾಗಿಲು ತೆಗೆಯುವಾಗ ಬಳೆ ಇಟ್ಟಲ್ಲಿ ಇರ್ಲಿಲ್ಲ. ಎಲೆಯಿಂದ ಒಂದು ಗೇಣು ಆಚೆ ಇತ್ತು." ಎರಡನೆಯ ಸಲವೂ ಅದೇ ಮಾತು. ಬೆಕ್ಕು ಇರಬಹುದು, ಗಾಳಿ ಇರಬಹುದು ಎಂದುಕೊಂಡೆ. ಆ ಒಣಮೀನನ್ನು ನಾನು ತಿನ್ನಲಿಲ್ಲ. ಬಾಯಮ್ಮನಿಗೆ ಕೊಟ್ಟೆ.

ಮೂರನೆಯ ಆಟಿಯ ಅಮಾವಾಸ್ಯೆಗೆ ಮೂರು ದಿನ ಇರುವಾಗ ಯಂತ್ರವನ್ನು ಪಕ್ಕದ ಕೋಣೆಗೆ ಸಾಗಿಸಿದೆವು. ಕಪಾಟನ್ನು ಗೋಡೆಯಿಂದ ಎಳೆದಾಗ ಹಿಂದೆ ಬಿದ್ದಿದ್ದ ಒಂದು ಟೇಪು ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ ಪ್ರಯೋಗ ಎಂದು ಬರೆದಿತ್ತು. ಬೂಷ್ಟು ಒರೆಸಿ, ಊಟದ ಹೊತ್ತಿಗೆ ಕಾದು, ಯಂತ್ರಕ್ಕೆ ಹಾಕಿದೆ. ಓದಿತು.

ಆ ಎರಡು ವಾರ ಬಾಯಮ್ಮ ಶಿಲುಬೆ ಹಾಕಿ ಅಳಿಸಿದ ಮಕ್ಕಳೆಲ್ಲ ಅಲ್ಲಿದ್ದವು. ಇಂಥವಳ ಮಗು, ಇಂಥವಳ ಮಗು ಎಂದು ಒಂದರ ಕೆಳಗೆ ಒಂದು, ಹೆಸರಿಲ್ಲದವು, ಹುಟ್ಟಿದ ಹೊತ್ತಿನ ಸಮೇತ. ನಮ್ಮ ಡೇಟಾಬೇಸಿನಲ್ಲಿ ಅವು ಹುಟ್ಟಿಯೇ ಇರಲಿಲ್ಲ. ಆ ಚಳಿಯಲ್ಲಿ ಕಾಗದ ಹಿಡಿದು ಕುಳಿತವಳಿಗೆ, ಯಾವುದೋ ಮನೆಯ ಬಾಗಿಲನ್ನು ಕೆಮ್ಮದೆ ತೆರೆದುಬಿಟ್ಟೆ ಎನ್ನಿಸಿತು. ಎರ್ಮಾಳಿನ ಸಾಲು ಸಿಕ್ಕಿತು. ನಾನು ಹೇಳಿದ ಹೊತ್ತಲ್ಲ, ತೂಕವಲ್ಲ. ಗಂಡು.

ಸುಮ್ಮನಿರಬಹುದಿತ್ತು. ಎರಡು ದಿನ ಸುಮ್ಮನೆಯೂ ಇದ್ದೆ. ಊಟ ಸೇರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ರಜೆ ಹಾಕಿ ಎರ್ಮಾಳಿಗೆ ಹೋದೆ.

ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಮಡಲು ಹೊದೆಸಿದ್ದರು. ಸಮುದ್ರದ ಸದ್ದಿಗೆ ಮಾತು ಕೇಳಬೇಕಾದರೆ ಹತ್ತಿರ ನಿಲ್ಲಬೇಕಿತ್ತು. ಒಳಗೆ ಹಿರಿಯರ ಎಲೆಗಳ ತುದಿಯಲ್ಲಿ ಒಂದು ಪುಟ್ಟ ಎಲೆ ಹಾಕಿತ್ತು. ಅದರ ಪಕ್ಕದಲ್ಲಿ ಮಗುವಿನ ಕೈ ಅಳತೆಯ ಎರಡು ಕೆಂಪು ಗಾಜಿನ ಬಳೆ. ನಾನು ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಲಾಗ್, ನಲವತ್ತು ದಿನ, ಬೀಗ ಹಾಕಿದ ಕೋಣೆಯಲ್ಲಿ ಅಜ್ಜಿ ನೋಡಿದ್ದು ಏನು ಎಂಬುದು, ನನ್ನ ಸುಳ್ಳು. ಕೊನೆಗೆ, ಗಂಡು ಎಂದೆ.

ಮಗಳು ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಪುಟ್ಟ ಎಲೆಯನ್ನೇ ನೋಡುತ್ತಾ, "ನನ್ನ ಮಗ ಎ‌ರಡು ವರ್ಷ ಉಣ್ಣಲಿಲ್ಲ," ಎಂದಳು. "ಹೊರಗೆ ನಿಂತಿದ್ದ."

ಅಂಥ ಮಾತಿಗೆ ಕ್ಷಮಿಸಿ ಎಂಬ ಪದ ಸಾಲುವುದಿಲ್ಲ.

ಅಜ್ಜಿ ಒಳಗೆ ಹೋಗಿ ಬಳೆಗಳನ್ನು ತೆಗೆದು ಅಲ್ಲಿ ಕಪ್ಪು ಉಡಿದಾರ ಇಟ್ಟಳು. ಹೊರಗೆ ಬಂದು ನನ್ನ ಎದುರು ನಿಂತಳು.

"ಹಾಗಾದ್ರೆ ಬಳೆ ಸರಿಸಿದ್ದು ಯಾರು?"

"ಬೆಕ್ಕು ಇರಬಹುದು ಅಜ್ಜಿ," ಎಂದೆ.

"ಬೆಕ್ಕು ಮೀನು ಬಿಟ್ಟು ಬಳೆ ಮುಟ್ಟುವುದಿಲ್ಲ. ನೀನು ಹೆಣ್ಣು ಅಂದಿ, ಹೊತ್ತು ಹೇಳಿದಿ. ಆ ಹೊತ್ತು ಹೇಳಿ ನಾವು ಕರೆದೆವು. ಯಾರೂ ಕರೆಯದ ಒಂದು ಕೂಸು ಎಲ್ಲಿಯೋ ಇತ್ತು, ಬಂತು. ಎರಡು ವರ್ಷ ಉಂಡಿದ್ದಾಳೆ." ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. "ಬಂದವಳನ್ನು ಹೊರಗೆ ಹಾಕ್ಲಿಕ್ಕೆ ಆಗುವುದಿಲ್ಲ ಮಗಾ. ಇಲ್ಲಿ ಇಟ್ಕೊಳ್ಲಿಕ್ಕೂ ಆಗುವುದಿಲ್ಲ, ಇದು ನಮ್ಮ ಹುಡುಗನ ಎಲೆ. ಕರೆಸಿದವಳು ನೀನು, ನೀನೇ ಕರ್ಕೊಂಡು ಹೋಗು. ಇವತ್ತೇ ಎಲೆ ಹಾಕಿ ಬಳಸು. ಪ್ರಾಯಕ್ಕೆ ಬರುವಾಗ ಮದುವೆಯನ್ನೂ ನೀನೇ ಮಾಡಿಸ್ಬೇಕು."

ಬಳೆಗಳನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಮಗಳು ನನ್ನ ಕಡೆ ನೋಡಲಿಲ್ಲ.

ಎರಡೂ ಬಸ್ಸಿನಲ್ಲಿ ಪಕ್ಕದ ಸೀಟು ಪರ್ಕಳದವರೆಗೂ ಖಾಲಿ ಇತ್ತು. ಉಡುಪಿಯಲ್ಲಿ ಹತ್ತಿದ ಎರಡನೆಯದರಲ್ಲಿ ಜನ ತುಂಬಿದರೂ ಅಲ್ಲಿ ಯಾರೂ ಕೂರಲಿಲ್ಲ. ಬಹುಶಃ ಕಿಟಕಿಯಿಂದ ಮಳೆ ಸಿಡಿದು ಸೀಟು ಒದ್ದೆಯಾಗಿತ್ತು. ನಾನು ಕೈ ಮುಚ್ಚಿಕೊಂಡೇ ಕುಳಿತಿದ್ದೆ.

ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ ಒಂದು ಹಿಡಿ ಅನ್ನ ಮಾಡಿದೆ. ಹಾಲು, ಬೆಲ್ಲ ಕಲಸಿದೆ. ಬಾಡಿಗೆ ಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕಿದ್ದು ಮನೆಯೊಡತಿಗೆ ಗೊತ್ತಾದರೆ ಅಂದೇ ಕೋಣೆ ಬಿಡಿಸುತ್ತಿದ್ದಳು. ಬಾಳೆಲೆಯ ತುದಿಯನ್ನು ಸಣ್ಣದಾಗಿ ಕತ್ತರಿಸಿ ಬಡಿಸಿ, ಪಕ್ಕದಲ್ಲಿ ಬಳೆ ಇಟ್ಟೆ. ಏನೆಂದು ಕರೆಯುವುದು ತಿಳಿಯದೆ, ಆವತ್ತು ಬಾಯಿಗೆ ಬಂದಿದ್ದ ಆ ಹೊತ್ತನ್ನೇ ಮೆಲ್ಲಗೆ ಹೇಳಿದೆ. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕುಳಿತೆ.

ಇದೆಲ್ಲ ಮಂಕು ಎಂದು ನನ್ನೊಳಗೆ ಒಬ್ಬಳು ಹೇಳುತ್ತಲೇ ಇದ್ದಳು. ಬಳೆ ಇಟ್ಟಲ್ಲೇ ಇರಲಿ, ಇದು ಮುಗಿಯಲಿ ಎಂದು ಬೇಡಿಕೊಂಡೆ. ಮಳೆ ಒಮ್ಮೆ ಬಿಟ್ಟು ಮತ್ತೆ ಹಿಡಿಯಿತು. ಎದ್ದು, ನನ್ನ ಅಜ್ಜಿಯ ಹಾಗೆ ಮೂರು ಸಲ ಕೆಮ್ಮಿ ಬಾಗಿಲು ತೆರೆದೆ.

ಬಳೆ ಇಟ್ಟಲ್ಲೇ ಇತ್ತು. ಅನ್ನದ ಮೇಲೆ ಹಾಲು ಕೆನೆಗಟ್ಟಿತ್ತು.

ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಎರ್ಮಾಳಿನಿಂದ ಪರ್ಕಳ ದೂರ, ಎರಡು ಬಸ್ಸು ಹಿಡಿಯಬೇಕು, ಪುಟ್ಟ ಮಗುವಿಗೆ ಹೊಸ ಜಾಗ. ಹೊತ್ತು ಮೀರಿದ ಎಲೆಯನ್ನು ತೆಗೆಯಬೇಕೆಂಬುದು ಕ್ರಮ. ತೆಗೆಯಲು ಬಗ್ಗಿದವಳು ತೆಗೆಯಲಿಲ್ಲ. ಬಾಗಿಲನ್ನು ಮತ್ತೆ ಎಳೆದುಕೊಂಡು ಮೆಟ್ಟಿಲ ಮೇಲೆ ಕುಳಿತು ಕಾದೆ.